ತಂಬೂರಿ ಆರಿಸುವ ಮುಂಚೆ: ಬುರುಡೆಯಿಂದ ಬಿರಡೆಯವರೆಗೆ

"ಜೆಂಟ್ಸ್ ಬೇಕಾ, ಲೇಡೀಸ್ ಬೇಕಾ?"

ತಂಬೂರಿ ಅಂಗಡಿಯಲ್ಲಿ ಮೊದಲು ಕೇಳುವ ಪ್ರಶ್ನೆ ಇದು. ಹಾಡುವವರು ಗಂಡಸರು ಅಂದರೆ ದೊಡ್ಡದನ್ನು ಮುಂದಿಡುತ್ತಾರೆ, ಹೆಂಗಸರು ಅಂದರೆ ಚಿಕ್ಕದನ್ನು. ನಾವೂ ತಲೆ ಆಡಿಸಿ ತಂದುಬಿಡುತ್ತೇವೆ. ಆದರೆ ಈ ಹೆಸರುಗಳು ಹೇಳುವುದು ಸ್ವರದ ಎತ್ತರವನ್ನು. ದೊಡ್ಡದು ಸುಮಾರು 5 ಅಡಿ ಇರುತ್ತದೆ, ಅದರ ತಂತಿಯಲ್ಲಿ ಮಿಡಿಯುವ ಉದ್ದ ಹತ್ತಿರ ಹತ್ತಿರ ಒಂದು ಮೀಟರ್. ಅದಕ್ಕೆ ಹಿತವಾದ ಸಾ ಕಾಳಿ ಏಕ್, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆ, ಸಿ ಶಾರ್ಪ್, ಅಥವಾ ಅದರ ಆಚೀಚೆ. ಚಿಕ್ಕದು 4 ಅಡಿ, ನಾಲ್ಕೂವರೆ ಅಡಿ. ಅದು ಕಾಳಿ ಚಾರ್, ಕಾಳಿ ಪಾಂಚ್, ಅಂದರೆ ನಾಲ್ಕನೇ, ಐದನೇ ಕಪ್ಪು ಮನೆಯ ಸುತ್ತಮುತ್ತ ಚೆನ್ನಾಗಿ ಬಿಚ್ಚಿಕೊಳ್ಳುತ್ತದೆ. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ (1913–2009) ಅವರನ್ನೇ ನೆನೆಸಿಕೊಳ್ಳಿ. ಗಂಟಲಿನ ಚಿಕಿತ್ಸೆಯ ನಂತರ ಅವರ ದನಿ ಇಳಿದು, ಗಂಡುದನಿಯಷ್ಟು ಗಂಭೀರವಾಯಿತು. ಅಂಥ ದನಿಗೆ "ಲೇಡೀಸ್" ಅಂತ ಚೀಟಿ ಅಂಟಿಸಿದ ತಂಬೂರಿ ಕೊಟ್ಟರೆ ಹೇಗೆ ಹೊಂದೀತು? ಅಂಗಡಿಗೆ ಹೋಗುವ ಮುಂಚೆ ನಿಮ್ಮ ಸಾ ಯಾವುದು ಅಂತ ಗುರುಗಳ ಹತ್ತಿರ ಕೇಳಿ ಬರೆದಿಟ್ಟುಕೊಳ್ಳಿ. ಮಂದ್ರದ ಪಂಚಮವೂ ತಾರದ ಪಂಚಮವೂ ಗಂಟಲು ಹಿಂಡದೆ ಸಿಗುವ ಸಾ ಅದು.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಮ್ಮ ಸೋದರಮಾವನ ಮನೆಯಲ್ಲಿ ಒಂದು ಹಳೇ ಜೆಂಟ್ಸ್ ತಂಬೂರಿ ಇತ್ತು. ಮಾವ ತೀರಿಕೊಂಡ ಮೇಲೆ ಅತ್ತೆ ಅದನ್ನು ನನ್ನ ಮಗಳಿಗೆ ಕೊಟ್ಟರು. ಆಗ ಅವಳಿಗೆ ಹದಿಮೂರು ವರ್ಷ, ಸಾ ಕಾಳಿ ಚಾರ್. ಸುಮ್ನೆ ಬಿಗಿ ಮಾಡಿದರೆ ಆಯ್ತಲ್ಲ ಅಂದುಕೊಂಡು ಬಿರಡೆ ತಿರುಗಿಸಿದೆ. ಮೊದಲ ದಿನ ಜೋಡಿ, ಅಂದರೆ ಸಾ ಗೆ ಕೂಡಿಸುವ ನಡುವಿನ ಎರಡು ತಂತಿಗಳಲ್ಲಿ ಒಂದು ಹರಿಯಿತು. ಹೊಸದು ಹಾಕಿದೆ. ಮೂರನೇ ದಿನ ಕಿಟಕಿ ಬೆಳಕಿಗೆ ಹಿಡಿದು ನೋಡಿದರೆ ತಂತಿಗಳನ್ನು ಹೊರುವ ಕುದುರೆಯ ಕೆಳಗಿನ ತಬಲಿ, ಅಂದರೆ ಮುಂಭಾಗದ ಮರದ ಹಲಗೆ, ಉಗುರಿನ ದಪ್ಪದಷ್ಟು ಕುಸಿದಿತ್ತು. ವಾದ್ಯ ರಿಪೇರಿ ಮಾಡುವ ಹಿರಿಯರೊಬ್ಬರ ಹತ್ತಿರ ಒಯ್ದೆ. ಅವರು ತಬಲಿ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು. "ಇದು ಕಾಳಿ ಏಕ್ ವಾದ್ಯ ಐತ್ರಿ ಸರ. ಇದನ್ನ ಇಷ್ಟು ಎಳದ್ರ ಹೆಂಗ ತಡೀತೈತ್ರಿ?" ಅಂದರು. ಅದು ಮತ್ತೆ ಮೊದಲಿನಂತೆ ಆಗಲಿಲ್ಲ.

ಲೆಕ್ಕ ನೋಡಿ. ಕಾಳಿ ಏಕ್‌ನಿಂದ ಕಾಳಿ ಚಾರ್‌ಗೆ ಹೋಗುವುದೆಂದರೆ ಸಾ ಇಂದ ಪಾ ಗೆ ಏರಿದ ಹಾಗೆ. ಕಂಪನ ಒಂದೂವರೆ ಪಟ್ಟು ಆಗುತ್ತದೆ. ತಂತಿ ಅದೇ, ಉದ್ದ ಅದೇ ಇದ್ದರೆ ಬಿಗಿತ ಎರಡೂಕಾಲು ಪಟ್ಟು ಏರಬೇಕು. ಆ ಹೊರೆಯೆಲ್ಲ ತಬಲಿ ಮೇಲೆ, ಉದ್ದನೆಯ ಮರದ ದಾಂಡಿ ಮೇಲೆ ಬೀಳುತ್ತದೆ. ತಿರುಗಿಸಿ ಯೋಚಿಸಿದರೆ, ಕಾಳಿ ಚಾರ್ ತಂಬೂರಿಯನ್ನು ಕಾಳಿ ಏಕ್‌ಗೆ ಇಳಿಸಿದರೆ ಬಿಗಿತ ಅರ್ಧಕ್ಕೂ ಕಡಿಮೆ ಆಗುತ್ತದೆ. ತಂತಿ ಬಟ್ಟೆ ಒಣಹಾಕುವ ಹಗ್ಗದ ಹಾಗೆ ಜೋಲುತ್ತದೆ, ನಾದ ಹುಟ್ಟುವುದೇ ಇಲ್ಲ. ಒಂದು ಸ್ವರ, ಹೆಚ್ಚೆಂದರೆ ಎರಡು ಸ್ವರ ಆಚೀಚೆ ಆದರೆ ತಂತಿಯ ದಪ್ಪ ಬದಲಿಸಿ ಸರಿಮಾಡಬಹುದು. ಅದಕ್ಕಿಂತ ಜಾಸ್ತಿ ಬೇಡ.

ಗಂಡುಹುಡುಗರಿಗೆ ದನಿ ಒಡೆಯುವ ವಯಸ್ಸಿನಲ್ಲಿ ತಂಬೂರಿ ಕೊಳ್ಳಲೇಬೇಡಿ. ಎರಡು ವರ್ಷ ಕಾಯಿರಿ.

ಬದಲಿಸಲು ಬರುವುದು, ಬಾರದ್ದು

ಎರಡು ತಂಬೂರಿ ಎದುರಿಗಿಟ್ಟುಕೊಂಡು ಯಾವುದು ಒಳ್ಳೆಯದು ಅಂತ ಕುಳಿತಾಗ ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದರಲ್ಲಿ ನಾಳೆ ಬದಲಿಸಲು ಬರುವುದು ಯಾವುದು, ಬಾರದ್ದು ಯಾವುದು? ತಂತಿ, ದಾರ, ಶ್ರುತಿಯನ್ನು ಚೂರು ಹೆಚ್ಚುಕಡಿಮೆ ಮಾಡುವ ಮಣಿ, ಬಿರಡೆ, ಕುದುರೆ, ಇವೆಲ್ಲ ಬದಲಿಸಬಹುದು. ಕೆಳಗಿನ ಒಣಕಾಯಿಯ ಬುರುಡೆ, ತಬಲಿ, ದಾಂಡಿ ಬದಲಿಸಿದರೆ ಅದು ಬೇರೆಯೇ ತಂಬೂರಿ. ಹಾಗಾಗಿ ನಿಮ್ಮ ಸಮಯದ ಮುಕ್ಕಾಲು ಪಾಲು ಈ ಮೂರರ ಮೇಲೆ ಹೋಗಲಿ. ಅಂಗಡಿಯಲ್ಲಿ ನಮ್ಮ ಕಣ್ಣು ಮಾತ್ರ ಮೊದಲು ಹೋಗುವುದು ಬಿಳಿ ಪಟ್ಟಿಯ ಹೂಬಳ್ಳಿ ಕೆಲಸದ ಮೇಲೆ, ಹೊಳೆಯುವ ಪಾಲಿಶ್ ಮೇಲೆ. ಆ ಅಲಂಕಾರಕ್ಕೆ ಕೊಡುವ ದುಡ್ಡಿನಿಂದ ನಾದ ಒಂದು ಕೂದಲೆಳೆಯಷ್ಟೂ ಏರುವುದಿಲ್ಲ. ಕೆಲಸ ಕಡಿಮೆ ಇರುವ, ಮೈ ಗಟ್ಟಿ ಇರುವ ತಂಬೂರಿ ಸಿಕ್ಕರೆ ಅದನ್ನೇ ಹಿಡಿಯಿರಿ.

ಬುರುಡೆ. ಮಹಾರಾಷ್ಟ್ರದ ಮಿರಜದ ತಂಬೂರಿಗಳಿಗೆ ಇದು ಬರುವುದು ಸೊಲ್ಲಾಪುರ ಜಿಲ್ಲೆಯ ಪಂಢರಪುರದ ಕಡೆ, ಭೀಮಾ ತೀರದ ಹೊಲಗಳಿಂದ. ತಿನ್ನಲು ಬಾರದ ಕಹಿ ಜಾತಿಯ ಕಾಯಿ. ಅದನ್ನು ತಿಂಗಳುಗಟ್ಟಲೆ ಒಣಗಿಸಿ, ಕೊಯ್ದು, ತಿರುಳು ತೆಗೆದು ಹದ ಮಾಡುತ್ತಾರೆ. ನೋಡಬೇಕಾದ್ದು ಗಾತ್ರಕ್ಕಿಂತ ದಪ್ಪ ಸಮ ಇದೆಯಾ ಅನ್ನುವುದು. ಬೆರಳ ಗೆಣ್ಣಿನಿಂದ ಸುತ್ತಲೂ ಐದಾರು ಕಡೆ ಮೆಲ್ಲಗೆ ತಟ್ಟಿ. ಎಲ್ಲ ಕಡೆ ಒಂದೇ ದನಿ ಬಂದರೆ ಸರಿ. ಒಂದು ಕಡೆ "ಟಣ್" ಇನ್ನೊಂದು ಕಡೆ "ಡಬ್" ಅಂದರೆ ಅಲ್ಲಿ ಏನೋ ಇದೆ, ಒಳಗಿನಿಂದ ತೇಪೆ ಹಾಕಿರಬಹುದು. ಆಮೇಲೆ ಉಗುರನ್ನು ಬುರುಡೆ ಮೇಲೆ ನಿಧಾನ ಎಳೆಯಿರಿ. ಬಣ್ಣದ ಅಡಿಯಲ್ಲಿ ಬಿರುಕು ಮುಚ್ಚಿದ್ದರೆ ಕಣ್ಣಿಗೆ ಕಾಣುವುದಿಲ್ಲ, ಉಗುರಿಗೆ ತಡೆಯುತ್ತದೆ. ಸೂಜಿಮೊನೆಯಷ್ಟು ತೂತುಗಳು, ಅವುಗಳ ಹತ್ತಿರ ಹಿಟ್ಟಿನಂಥ ಪುಡಿ ಕಂಡರೆ ಹುಳ ಬಿದ್ದಿದೆ ಅಂತ ಅರ್ಥ. ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬಿಟ್ಟುಬನ್ನಿ.

ಈ ಪರೀಕ್ಷೆಯಲ್ಲಿ ಕಣ್ಣಿಗಿಂತ ಕೈ, ಕಿವಿ ಜಾಸ್ತಿ ಕೆಲಸಕ್ಕೆ ಬರುತ್ತವೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳು ತಲೆಮಾರುಗಳಿಂದ ಹಾಡು, ವಾದ್ಯ ಎರಡನ್ನೂ ಕಲಿಯುತ್ತ ಬಂದಿದ್ದಾರೆ. ಪುಟ್ಟರಾಜ ಗವಾಯಿಗಳು (1914–2010) ಕಣ್ಣು ಕಾಣದಿದ್ದರೂ ಎಷ್ಟೊಂದು ವಾದ್ಯ ನುಡಿಸುತ್ತಿದ್ದರು! ತಟ್ಟಿ, ಸವರಿ ನೋಡುವಾಗ ನಾನೂ ಕಣ್ಣು ಮುಚ್ಚಿಕೊಳ್ಳುತ್ತೇನೆ. ಪಾಲಿಶ್ ಕಾಣದೆ ಹೋದರೆ ಮನಸ್ಸು ನೇರ ನಾದಕ್ಕೆ ಹೋಗುತ್ತದೆ.

ತಬಲಿ ಅಂದರೆ ಬುರುಡೆಯ ಬಾಯಿ ಮುಚ್ಚುವ ಮರದ ಹಲಗೆ. ಕುದುರೆ ಕೂರುವುದು ಇದರ ಮೇಲೆ. ಮಿರಜದಲ್ಲಿ ಇದಕ್ಕೆ ತುಣ್ ಮರ ಬಳಸುತ್ತಾರೆ. ಹಗುರ, ಕೆಂಪುಛಾಯೆಯ ಮರ. ಒಳ್ಳೆಯ ತಬಲಿ ನಡುವೆ ಸ್ವಲ್ಪ ಉಬ್ಬಿರುತ್ತದೆ. ತಂಬೂರಿ ಮಲಗಿಸಿ, ಪಕ್ಕದಿಂದ ಕಣ್ಣು ತಬಲಿಯ ಮಟ್ಟಕ್ಕೆ ತಂದು ನೋಡಿ. ಕುದುರೆ ಹತ್ತಿರ ತಗ್ಗು ಕಂಡರೆ ಅದು ನಮ್ಮ ಮಾವನ ತಂಬೂರಿಯ ಹಾದಿ ಹಿಡಿದಿದೆ. ಮರದ ಎಳೆ ಉದ್ದಕ್ಕೂ ನೇರ ಓಡಿರಬೇಕು, ಗಂಟು ಇರಬಾರದು.

ದಾಂಡಿಯನ್ನು ಬಡಿಗರು ಹಲಗೆ ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ತುದಿಯಿಂದ ನೋಡಬೇಕು. ಕೂದಲೆಳೆಯ ಬಾಗು ಇದ್ದರೂ ನಡೆಯುತ್ತದೆ, ತಿರುಚು ಇರಬಾರದು. ದಾಂಡಿ ಬುರುಡೆಗೆ ಕೂಡುವ ಕುತ್ತಿಗೆಗೆ ಗುಲು ಅನ್ನುತ್ತಾರೆ. ತಂಬೂರಿಯ ಮೈಯಲ್ಲಿ ಅತಿ ಸೂಕ್ಷ್ಮ ಜಾಗ ಅದು. ಅಲ್ಲಿ ಹೊಸ ಅಂಟು, ಅಥವಾ ಬೇರೆ ಬಣ್ಣದ ಪಾಲಿಶ್ ಗೆರೆ ಕಂಡರೆ ಒಮ್ಮೆ ಬಿಚ್ಚಿ ಕೂಡಿಸಿದ್ದು. ಹಳೇ ವಾದ್ಯ ಕೊಳ್ಳುವವರು ಇದನ್ನು ಮರೆಯಬಾರದು.

ಮಿರಜವೋ, ತಂಜಾವೂರೋ?

ನಮ್ಮ ಕಡೆಯವರಿಗೆ ಮಿರಜ ಮನೆಯ ಅಂಗಳ ಇದ್ದಂತೆ. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿ ಫರೀದಸಾಹೇಬರು ವಾದ್ಯ ಮಾಡಲು ಶುರುಮಾಡಿದರು. ಅವರ ಮನೆತನಕ್ಕೆ ಸಿತಾರ್‌ಮೇಕರ್ ಅಂತಲೇ ಹೆಸರು ನಿಂತಿತು. 2024ರಲ್ಲಿ ಮಿರಜದ ಸಿತಾರ್‌ಗೂ ತಂಬೂರಿಗೂ ಜಿಐ ಟ್ಯಾಗ್ ಸಿಕ್ಕಿತು. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು (1872–1937) ಅಲ್ಲೇ ನೆಲೆಸಿದ್ದರು. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು, ಗಂಧರ್ವರ ಶಿಷ್ಯರು ಗಂಗೂಬಾಯಿ ಮತ್ತು ಗದಗದ ನೆಲದ ಭೀಮಸೇನ ಜೋಶಿ. ಧಾರವಾಡದ ಗಾಯನ ಬೆಳೆದದ್ದು ಇಂಥ ಬುರುಡೆಯ ನಾದದ ಮಡಿಲಲ್ಲಿ. ನೀವು ಹಿಂದೂಸ್ತಾನಿ ಹಾಡುವವರಾದರೆ ಬೇರೆ ಕಡೆ ನೋಡುವ ಅಗತ್ಯ ಇಲ್ಲ. ಬುರುಡೆ ದೊಡ್ಡದು, ಒಳಗಿನ ಗಾಳಿ ಜಾಸ್ತಿ. ನಾದ ಅಗಲವಾಗಿ ಹಬ್ಬಿ ಕೋಣೆ ತುಂಬುತ್ತದೆ.

ತಂಜಾವೂರು ತಂಬೂರಿಗೆ ಬುರುಡೆ ಇಲ್ಲ. ಹಲಸಿನ ಮರವನ್ನೇ ಕೊರೆದು ಕೊಡ ಮಾಡುತ್ತಾರೆ. ತೂಕ ಜಾಸ್ತಿ, ಮೈ ಗಟ್ಟಿ. ಬಸ್ಸಿನಲ್ಲಿ ಒಂದು ಪೆಟ್ಟು ಬಿದ್ದರೂ ಬುರುಡೆಯ ಹಾಗೆ ಹೋಳಾಗುವುದಿಲ್ಲ. ನಾದ ಬಿಗಿಯಾಗಿ, ನೇರವಾಗಿ ಬರುತ್ತದೆ. ಕರ್ನಾಟಕ ಸಂಗೀತ ಕಲಿಯುವವರಿಗೆ, ಮನೆಯಲ್ಲಿ ಚಿಕ್ಕ ಮಕ್ಕಳಿರುವವರಿಗೆ ನಾನು ಇದನ್ನೇ ಹೇಳುತ್ತೇನೆ. ಹಿಂದೂಸ್ತಾನಿ ಖಯಾಲ್ ಹಾಡುವವರು ಇದರ ಜೊತೆ ಕುಳಿತರೆ ಏನೋ ಒಂದು ಕಡಿಮೆ ಅನ್ನಿಸುತ್ತದೆ. ನನಗಂತೂ ಅನ್ನಿಸಿದೆ.

ಬುರುಡೆ ಇಲ್ಲದ ಚಪ್ಪಟೆ ಪೆಟ್ಟಿಗೆ ತಂಬೂರಿ ಪ್ರಯಾಣಕ್ಕೆ ಅನುಕೂಲ. ಮನೆಯ ಒಂದೇ ತಂಬೂರಿಯಾಗಿ ಬೇಡ. ತತ್ವಪದದವರ ಏಕತಾರಿಯ ದಾರಿಯೇ ಬೇರೆ, ಅದನ್ನು ಇದರ ಜೊತೆ ಹೋಲಿಸುವುದು ನ್ಯಾಯ ಅಲ್ಲ.

ಕುದುರೆ ಮತ್ತು ಜವಾರಿ

ನಮ್ಮ ಕಡೆ ಜವಾರಿ ಅಂದರೆ ನಾಟಿ. ಜವಾರಿ ಬದನೆಕಾಯಿ, ಜವಾರಿ ಕೋಳಿ. "ಜವಾರಿ ಚಲೋ ಐತಿ" ಅಂತ ತಂಬೂರಿ ಬಗ್ಗೆ ಹೇಳಿದರೆ ಹೊಸಬರು ಊರಲ್ಲೇ ಮಾಡಿದ್ದು ಅಂದುಕೊಳ್ಳುತ್ತಾರೆ. ಇಲ್ಲಿ ಜವಾರಿ ಅಂದರೆ ಕುದುರೆಯ ಮೇಲ್ಮೈಯ ಹದ. ಪಿಟೀಲಿನ ಕುದುರೆ ತೆಳ್ಳಗೆ, ತಂತಿ ಅದರ ಅಂಚಿನ ಮೇಲೆ ಕೂರುತ್ತದೆ. ತಂಬೂರಿಯ ಕುದುರೆ ಅಗಲ, ಪುಟ್ಟ ಮಣೆಯ ಹಾಗೆ. ಅದರ ಬೆನ್ನು ಕಣ್ಣಿಗೆ ಚಪ್ಪಟೆ ಕಂಡರೂ ಬಹಳ ಸಣ್ಣ ಇಳಿಜಾರು ಇರುತ್ತದೆ. ಮಿಡಿದ ತಂತಿ ಆ ಇಳಿಜಾರನ್ನು ಸವರುತ್ತ ನಡುಗುತ್ತದೆ. ಆ ಸವರುವಿಕೆಯಲ್ಲೇ ಮೇಲಿನ ಸ್ವರಗಳೆಲ್ಲ ಬಿಚ್ಚಿಕೊಳ್ಳುತ್ತವೆ. ತಂತಿ ಮತ್ತು ಕುದುರೆ ನಡುವೆ ಒಂದು ಹತ್ತಿ ದಾರ ಸಿಕ್ಕಿಸಿರುತ್ತಾರೆ. ತಂತಿಯನ್ನು ಎಷ್ಟು ಎತ್ತಬೇಕು, ಎಲ್ಲಿ ಸವರಬೇಕು ಅನ್ನುವುದನ್ನು ಆ ದಾರ ತೀರ್ಮಾನಿಸುತ್ತದೆ.

ನಮ್ಮ ಮನೆಯಲ್ಲಿ ಬೆಳಿಗ್ಗೆ ಮಗಳು ಮಾಡುವುದನ್ನು ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತೇನೆ. ಎಡಗೈ ಬೆರಳಿಂದ ಖರ್ಜ, ಅಂದರೆ ಕೆಳಗಿನ ಸಾ ತಂತಿ, ಮಿಡಿಯುತ್ತಾಳೆ. ದನಿ ಕಟ್ಟಿದ ಹಾಗೆ, "ಡುಂ" ಅಂತ ಬಂದು ನಿಂತುಬಿಡುತ್ತದೆ. ದಾರದ ಎರಡೂ ತುದಿ ಹಿಡಿದು ಅಕ್ಕಿಕಾಳಿನ ಅಗಲದಷ್ಟು ಮುಂದೆ ಜರುಗಿಸುತ್ತಾಳೆ. ಮತ್ತೆ ಮಿಡಿಯುತ್ತಾಳೆ. ಇನ್ನೊಂದು ಚೂರು. ಇದ್ದಕ್ಕಿದ್ದ ಹಾಗೆ ತಂತಿ ಬಾಯಿ ಬಿಡುತ್ತದೆ. "ಝೂಂ" ಅಂತ ಎದ್ದ ನಾದ ನಿಧಾನ ಇಳಿಯುತ್ತ ಹೋಗುತ್ತದೆ. ಆಗ ಕಿವಿ ಕೊಟ್ಟರೆ ಯಾರೂ ಮಿಡಿಯದ ಒಂದು ಗಾಂಧಾರ ಮೇಲೆ ತೇಲುತ್ತಿರುತ್ತದೆ. ಖರ್ಜದ ಕಂಪನದ ಐದು ಪಟ್ಟಿನಲ್ಲಿ ಹುಟ್ಟುವ ಸ್ವರ ಅದು. ಇದಕ್ಕೆ ಸ್ವಯಂಭೂ ಗಾಂಧಾರ ಅನ್ನುತ್ತಾರೆ. ಅಂಗಡಿಯಲ್ಲಿ ತಂಬೂರಿ ಸರಿಯಾಗಿ ಶ್ರುತಿ ಮಾಡಿದ ಮೇಲೆ ಈ ಗಾಂಧಾರ ಸ್ಪಷ್ಟ ಕೇಳಿದರೆ ಮೈ, ಕುದುರೆ ಎರಡೂ ಒಳ್ಳೆಯದು ಅಂತ ತಿಳಿಯಿರಿ.

ಜವಾರಿಯಲ್ಲಿ ಖುಲಾ ಅಂದರೆ ತೆರೆದ ದನಿ, ಝೇಂಕಾರ ಜಾಸ್ತಿ. ಬಂದ್ ಅಂದರೆ ದುಂಡಗಿನ, ಮೆತ್ತಗಿನ ದನಿ. ಏರುದನಿಯ, ತೆಳುಗಂಟಲಿನವರಿಗೆ ಸ್ವಲ್ಪ ದುಂಡಗಿದ್ದರೆ ಹಿತ. ತುಂಬುಗಂಟಲಿನವರ ಹಾಡಿನಲ್ಲಿ ತೆರೆದ ಜವಾರಿ ಮುಳುಗದೆ ನಿಲ್ಲುತ್ತದೆ. ಇದು ನನ್ನ ಅಭಿಪ್ರಾಯ, ನಿಮ್ಮ ಗುರುಗಳು ಬೇರೆ ಹೇಳಿದರೆ ಅವರ ಮಾತು ಕೇಳಿ. ಜವಾರಿ ಮಂಕಾಗಿದೆ ಅನ್ನುವ ಒಂದೇ ಕಾರಣಕ್ಕೆ ಒಳ್ಳೇ ಮೈಯ ತಂಬೂರಿ ಬಿಡಬೇಡಿ. ಕುದುರೆ ಉಜ್ಜಿ ಜವಾರಿ ತೆಗೆಯುವವರು ಅದನ್ನು ಎಬ್ಬಿಸುತ್ತಾರೆ. ನುಡಿಸುತ್ತ ಹೋದಂತೆ ತಂತಿ ಕುದುರೆಯನ್ನು ಸವೆಸುತ್ತದೆ, ಹಾಗಾಗಿ ಈ ಕೆಲಸ ಆಗಾಗ ಮಾಡಿಸುವುದು ಇದ್ದೇ ಇದೆ.

ಕುದುರೆಯ ವಸ್ತುವಿನಲ್ಲೂ ಆಯ್ಕೆ ಇದೆ. ಮೂಳೆಯದು ಗಟ್ಟಿ, ದನಿ ಚುರುಕು, ಸವೆಯುವುದು ನಿಧಾನ. ಬೀಟೆಯಂಥ ಗಟ್ಟಿ ಮರದ್ದು ದನಿಯಲ್ಲಿ ಮೃದು, ಆದರೆ ಬೇಗ ಗೆರೆ ಬೀಳುತ್ತದೆ. ತಂಬೂರಿಗೆ ನಾನು ಮರದ ಪಕ್ಷ. ಹಳೇ ವಾದ್ಯ ಮಾರುವವರು "ದಂತದ ಕುದುರೆ", "ಜಿಂಕೆ ಕೊಂಬಿನದು" ಅಂತ ಹೆಮ್ಮೆಯಿಂದ ತೋರಿಸಿದರೆ ಕೈ ಮುಗಿದು ಬನ್ನಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಅಂಥ ವ್ಯಾಪಾರಕ್ಕೆ ಸಿಕ್ಕಿಹಾಕಿಕೊಳ್ಳಬೇಡಿ. ಇನ್ನೊಂದು ಚಿಕ್ಕ ಪರೀಕ್ಷೆ. ತೆಳು ಕಾಗದದ ಚೂರನ್ನು ಕುದುರೆಯ ಕಾಲಿನ ಅಡಿಗೆ ತೂರಿಸಿ ನೋಡಿ. ತೂರಿದರೆ ಕಾಲು ತಬಲಿಗೆ ಸರಿಯಾಗಿ ಕೂತಿಲ್ಲ, ಕೂರಿಸಿಕೊಡಲು ಹೇಳಿ.

ಬಿರಡೆ, ತಂತಿ, ಮಣಿ

ಮರದ ಬಿರಡೆಯೋ, ಗಿಟಾರಿನಂಥ ಲೋಹದ ಕೀಲಿಯೋ ಅನ್ನುವುದು ಈಗಿನ ಹೊಸ ಗೊಂದಲ. ಲೋಹದ್ದು ಜಾರುವುದಿಲ್ಲ, ಮಕ್ಕಳ ಕೈಗೂ ಸುಲಭ. ಆದರೆ ದಾಂಡಿಯ ತಲೆ ಭಾರ ಆಗುತ್ತದೆ, ತೊಡೆಯ ಮೇಲೆ ಇಟ್ಟುಕೊಂಡಾಗ ಗೊತ್ತಾಗುತ್ತದೆ. ಧಾರವಾಡದ ಮಳೆಗಾಲದಲ್ಲಿ ಮರದ ಬಿರಡೆ ಉಬ್ಬಿ ತಿರುಗುವುದೇ ಇಲ್ಲ. ಗದಗಿನ ಏಪ್ರಿಲ್ ಬಿಸಿಲಿಗೆ ಅದೇ ಬಿರಡೆ ಒಣಗಿ ಸರ್ರನೆ ಬಿಚ್ಚಿಕೊಳ್ಳುತ್ತದೆ. ಹಾಗಿದ್ದರೂ ನಾನು ಮರದ್ದೇ ಆರಿಸುತ್ತೇನೆ. ಜಾರಿದರೆ ಸೀಮೆಸುಣ್ಣ ಸವರಿದರೆ ನಿಲ್ಲುತ್ತದೆ. ಕೊಳ್ಳುವಾಗ ನಾಲ್ಕನ್ನೂ ಪೂರ್ತಿ ಸುತ್ತು ತಿರುಗಿಸಿ ನೋಡಿ. ಒಂದು ಜಾಗದಲ್ಲಿ ಬಿಗಿ, ಇನ್ನೊಂದು ಜಾಗದಲ್ಲಿ ಸಡಿಲ ಆದರೆ ತೂತು ದುಂಡಗಿಲ್ಲ.

ತಂತಿಗೆ ಜಾಸ್ತಿ ಯೋಚನೆ ಬೇಡ. ಜೋಡಿಗೆ ಉಕ್ಕು, ಖರ್ಜಕ್ಕೆ ಹಿತ್ತಾಳೆ ಅಥವಾ ಕಂಚು. ತುಕ್ಕು ಹಿಡಿದಿದ್ದರೆ ಹೊಸದು ಹಾಕಿಸಿಯೇ ನಾದ ಕೇಳಿ, ಇಲ್ಲದಿದ್ದರೆ ಮೋಸ ಹೋಗುತ್ತೀರಿ. ಮಣಿಗಳು ಸುಲಭವಾಗಿ ಜರುಗಬೇಕು, ಬಿಟ್ಟಲ್ಲಿ ನಿಲ್ಲಬೇಕು. ಅಷ್ಟೇ.

ಪೆಟ್ಟಿಗೆ, ಮೊಬೈಲು

ಬೆಂಗಳೂರಿನ ರಾಡೆಲ್ ಕಂಪನಿಯ ರಾಗಿಣಿಯಂಥ ಎಲೆಕ್ಟ್ರಾನಿಕ್ ಪೆಟ್ಟಿಗೆಗಳು ಎಷ್ಟೋ ಮನೆಗಳಲ್ಲಿವೆ. ಕಲಿಕೆಯ ಮೊದಲ ವರ್ಷಗಳಿಗೆ, ದನಿ ಇನ್ನೂ ನಿಲ್ಲದ ಮಕ್ಕಳಿಗೆ ಇದು ಸರಿಯಾದ ಆಯ್ಕೆ. ಸಾ ಬದಲಾದರೆ ಒಂದು ಗುಂಡಿ ತಿರುಗಿಸಿದರೆ ಮುಗಿಯಿತು. ಮೊಬೈಲ್ ಆ್ಯಪ್ ಅದಕ್ಕಿಂತ ಅಗ್ಗ. ಆದರೆ ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಖರ್ಜ ಕೇಳುವುದೇ ಇಲ್ಲ. ಕಾಳಿ ಏಕ್ ಖರ್ಜದ ಕಂಪನ ಸೆಕೆಂಡಿಗೆ ಸುಮಾರು 69. ಅಷ್ಟು ಕೆಳಗಿನ ದನಿ ಹೊರಡಿಸುವ ಶಕ್ತಿ ಅದಕ್ಕಿಲ್ಲ. ದೊಡ್ಡ ಸ್ಪೀಕರಿಗೆ ಜೋಡಿಸಿಯೇ ಹಾಡಿ.

ಇವೆರಡರಲ್ಲೂ ಇರುವ ಒಂದೇ ಕೊರತೆ ದೊಡ್ಡದು. ಶ್ರುತಿ ಕೂಡಿಸುವ ಕೆಲಸ ಅವೇ ಮಾಡಿಬಿಡುತ್ತವೆ. ಪಂಚಮ ಚೂರು ಇಳಿದಿದೆ, ಜೋಡಿ ಎರಡೂ ಒಂದಾಗಿಲ್ಲ ಅಂತ ಹುಡುಕುವ ಆ ಹತ್ತು ನಿಮಿಷದಲ್ಲೇ ಕಿವಿ ತಯಾರಾಗುವುದು. ಎರಡು ಮೂರು ವರ್ಷ ಬಿಡದೆ ಕಲಿತ ಮಗುವಿಗೆ ನಿಜವಾದ ತಂಬೂರಿ ಕೊಡಿಸಿ. ಹೊಸದಕ್ಕೆ ದುಡ್ಡು ಸಾಲದಿದ್ದರೆ ಮೈ ಗಟ್ಟಿ ಇರುವ ಹಳೇದು ಹುಡುಕಿ, ಕುದುರೆ, ತಂತಿ ಹೊಸದು ಹಾಕಿಸಿ. ಹೊಸ ಅಗ್ಗದ ತಂಬೂರಿಗಿಂತ ಅದು ಎಷ್ಟೋ ಮೇಲು. ಮರ ವರ್ಷಗಳಿಂದ ಒಣಗಿ, ನಾದಕ್ಕೆ ಒಗ್ಗಿಕೊಂಡಿರುತ್ತದೆ.

ಮನೆಗೆ ತರುವಾಗ

ಮಿರಜಕ್ಕೆ ಹೋಗುವುದಾದರೆ ಮಳೆಗಾಲ ಬಿಟ್ಟು ಹೋಗಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ನೀರು ಹೀರಿ ಉಬ್ಬಿರುತ್ತದೆ, ನಾದ ಮಂಕು, ಯಾವುದು ಒಳ್ಳೆಯದು ಅಂತ ಹೇಳುವುದೇ ಕಷ್ಟ. ಹಾಡುವವರನ್ನೇ ಕರೆದುಕೊಂಡು ಹೋಗಿ, ಪ್ರತಿ ತಂಬೂರಿ ಜೊತೆ ಐದು ನಿಮಿಷ ಹಾಡಿಸಿ. ನೀವು ನಾಲ್ಕು ಮಾರು ದೂರ ನಿಂತು ಕೇಳಿ. ನುಡಿಸುವವರ ಕಿವಿಗೆ ಬರುವ ನಾದ ಬೇರೆ, ಎದುರು ಕುಳಿತವರಿಗೆ ಬರುವುದು ಬೇರೆ.

ಆರಿಸಿದ ಮೇಲೆ ನಾಲ್ಕೂ ತಂತಿ ಸಡಿಲ ಮಾಡಿಸಿ. ಕುದುರೆ ಜರುಗದಂತೆ ಬಟ್ಟೆ ಕಟ್ಟಿಸಿ. ರೈಲಿನಲ್ಲಿ ಬುರುಡೆಯನ್ನು ಸೀಟಿನ ಅಡಿಗೆ ತಳ್ಳಬೇಡಿ, ಹಳೇ ಸೀರೆಯ ಸಿಂಬಿ ಮಾಡಿ ಅದರ ಮೇಲೆ ಕೂರಿಸಿ, ದಾಂಡಿ ಹೆಗಲಿಗೆ ಒರಗಿಸಿಕೊಳ್ಳಿ. ಮನೆಗೆ ಬಂದ ದಿನವೇ ಶ್ರುತಿ ಮಾಡುವ ಆಸೆ ಆಗುತ್ತದೆ. ಬೇಡ. ಬಿಸಿಲು ಬೀಳದ, ಫ್ಯಾನಿನ ನೇರ ಗಾಳಿ ಬಾರದ ಮೂಲೆಯಲ್ಲಿ ಅದೇ ಸಿಂಬಿ ಮೇಲೆ ಒಂದು ರಾತ್ರಿ ಬಿಡಿ. ಮರುದಿನ ಮೊದಲು ಖರ್ಜ ಅರ್ಧ ಏರಿಸಿ, ಆಮೇಲೆ ಜೋಡಿ, ಆಮೇಲೆ ಪಂಚಮ. ಸ್ವಲ್ಪ ಹೊತ್ತು ಬಿಟ್ಟು ನಾಲ್ಕನ್ನೂ ಅವುಗಳ ಜಾಗಕ್ಕೆ ತನ್ನಿ. ದಾರ ಜರುಗಿಸುವುದು ಎಲ್ಲಕ್ಕಿಂತ ಕೊನೆಗೆ.